ಅಮೃತಸರದ 48 ನಿಮಿಷ, ಇಪ್ಪತ್ತಾರು ವರ್ಷದ ಸಾಲ



ಇವತ್ತು ಡಿಸೆಂಬರ್ 24. ಪ್ರತಿ ವರ್ಷ ಈ ದಿನ ಬಂತು ಅಂದ್ರೆ ಒಂದು ಜಗಳ ಶುರುವಾಗುತ್ತೆ. 'ಮಸೂದ್ ಅಜರ್‌ನನ್ನ ಬಿಡಬಾರದಿತ್ತು' ಅಂತ ಒಂದು ಕಡೆಯವರು. 'ನಿಮ್ಮ ಮನೆಯವರು ಆ ವಿಮಾನದಲ್ಲಿ ಇದ್ದಿದ್ರೆ ಏನು ಹೇಳ್ತಿದ್ರಿ' ಅಂತ ಇನ್ನೊಂದು ಕಡೆಯವರು. ಇಪ್ಪತ್ತಾರು ವರ್ಷ ಆಯ್ತು, ಜಗಳ ಮುಗಿದಿಲ್ಲ. ಇಬ್ಬರ ಮಾತಿನಲ್ಲೂ ಸತ್ಯ ಇದೆ, ಅದಕ್ಕೇ ಮುಗಿದಿಲ್ಲ.

ಆದರೆ ಈ ಜಗಳ ತಪ್ಪು ದಿನಾಂಕ ಹಿಡಿದುಕೊಂಡು ನಡೀತಿದೆ ಅನ್ನೋದು ನನ್ನ ವಾದ. ಎಲ್ಲರೂ ಮಾತಾಡೋದು 1999ರ ಡಿಸೆಂಬರ್ 31ರ ಬಗ್ಗೆ, ಮೂವರು ಉಗ್ರರನ್ನ ಕಂದಹಾರ್‌ಗೆ ಕರೆದುಕೊಂಡು ಹೋಗಿ ಒಪ್ಪಿಸಿದ ದಿನದ ಬಗ್ಗೆ. ನಾವು ಮಾತಾಡಬೇಕಾದದ್ದು ಡಿಸೆಂಬರ್ 24ರ ಸಂಜೆ 7 ಗಂಟೆಯ ಬಗ್ಗೆ. ಯಾಕೆ ಅಂತ ಹೇಳ್ತೀನಿ, ಕೇಳಿ.

ಇವತ್ತು ಕಾಲೇಜಿಗೆ ಹೋಗುತ್ತಿರುವ ಹುಡುಗರು ಆಗ ಹುಟ್ಟಿರಲೇ ಇಲ್ಲ. ಅವರಿಗಾಗಿ ಮೊದಲಿಂದ ಹೇಳೋಣ. 1999ರ ಡಿಸೆಂಬರ್ 24, ಶುಕ್ರವಾರ. ಕಠ್ಮಂಡುವಿನಿಂದ ದೆಹಲಿಗೆ ಇಂಡಿಯನ್ ಏರ್‌ಲೈನ್ಸ್‌ನ ಐಸಿ 814 ವಿಮಾನ ಹೊರಟಿತು. ಪ್ರಯಾಣಿಕರು, ಸಿಬ್ಬಂದಿ ಎಲ್ಲ ಸೇರಿ ಒಳಗಿದ್ದವರು 180ಕ್ಕೂ ಹೆಚ್ಚು ಜನ. ನೇಪಾಳಕ್ಕೆ ರಜೆಗೆ ಹೋಗಿದ್ದವರು, ವ್ಯಾಪಾರಕ್ಕೆ ಹೋಗಿದ್ದವರು, ಮದುವೆಯಾಗಿ ಹನಿಮೂನ್‌ಗೆ ಹೋಗಿದ್ದ ಜೋಡಿಗಳು. ಅವರ ಜೊತೆಗೇ ಐದು ಜನ ಹತ್ಯಾರ ಇಟ್ಟುಕೊಂಡು ಹತ್ತಿದ್ದರು. ವಿಮಾನ ಭಾರತದ ಆಕಾಶಕ್ಕೆ ಬರುವ ಹೊತ್ತಿಗೆ ಎದ್ದು ನಿಂತರು. ಚೀಫ್, ಡಾಕ್ಟರ್, ಬರ್ಗರ್, ಭೋಲಾ, ಶಂಕರ್ ಅಂತ ಒಬ್ಬರನ್ನೊಬ್ಬರು ಕರೆದುಕೊಳ್ಳುತ್ತಿದ್ದರು. ಅವು ನಿಜವಾದ ಹೆಸರುಗಳಲ್ಲ. ಐವರೂ ಪಾಕಿಸ್ತಾನದವರು ಅಂತ ನಮ್ಮ ಗೃಹ ಸಚಿವಾಲಯ 2000ದ ಜನವರಿ 6ರಂದೇ ಹೆಸರು ಸಮೇತ ಹೇಳಿತು. ಅವರಲ್ಲಿ ಒಬ್ಬ ಇಬ್ರಾಹಿಂ ಅಥರ್. ಮಸೂದ್ ಅಜರ್‌ನ ಸ್ವಂತ ತಮ್ಮ.

ಕ್ಯಾಪ್ಟನ್ ದೇವಿ ಶರಣ್ ತಲೆಗೆ ಪಿಸ್ತೂಲು. 'ಲಾಹೋರ್‌ಗೆ ನಡಿ' ಅಂದರು. ಲಾಹೋರ್ ಇಳಿಯೋಕೆ ಬಿಡಲಿಲ್ಲ. ದೆಹಲಿಗೆ ಅಂತ ತುಂಬಿಸಿದ ಇಂಧನ ಎಲ್ಲಿಯವರೆಗೆ ಬರುತ್ತೆ? ವಿಮಾನ ಅಮೃತಸರದಲ್ಲಿ ಇಳಿಯಿತು. ಸಂಜೆ 7 ಗಂಟೆ 1 ನಿಮಿಷ.

ಇಲ್ಲಿ ಸ್ವಲ್ಪ ನಿಲ್ಲಿ. ಅಮೃತಸರ ಯಾವ ದೇಶದಲ್ಲಿದೆ? ನಮ್ಮ ದೇಶದಲ್ಲಿ. ನಮ್ಮ ನೆಲ, ನಮ್ಮ ರನ್‌ವೇ, ನಮ್ಮ ಪೊಲೀಸರು, ನಮ್ಮ ಇಂಧನದ ಟ್ಯಾಂಕರ್. ವಿಮಾನದಲ್ಲಿ ಇಂಧನ ಇಲ್ಲ. ಅಪಹರಣಕಾರರ ಕೈಯಲ್ಲಿ ಆಯುಧ ಇರಬಹುದು, ಆದರೆ ಆ ಹೊತ್ತಿನಲ್ಲಿ ಆಟ ನಮ್ಮ ಅಂಗಳದಲ್ಲಿತ್ತು.

ನಾವೇನು ಮಾಡಿದೆವು? ದೆಹಲಿಯಲ್ಲಿ ಬಿಕ್ಕಟ್ಟು ನಿರ್ವಹಣೆಗೆ ಅಂತಲೇ ಇದ್ದ ಹಿರಿಯ ಅಧಿಕಾರಿಗಳ ತಂಡ ಸಭೆ ಸೇರಿತು. ಅಮೃತಸರದ ಅಧಿಕಾರಿಗಳು ದೆಹಲಿಯ ಕಡೆ ನೋಡ್ತಾ ಕೂತರು. ಎನ್‌ಎಸ್‌ಜಿ ಕಮಾಂಡೊಗಳು ಹೊರಡಬೇಕು, ಹೊರಡಲಿಲ್ಲ. ಹೊರಟಾಗ ಹೊತ್ತು ಮೀರಿತ್ತು. ವಿಮಾನ ಮೇಲೇಳದ ಹಾಗೆ ನೋಡಿಕೊಳ್ಳಿ ಅಂದರು. ಹೇಗೆ? ಟೈರಿಗೆ ಗುಂಡು ಹೊಡೆಯೋದಾ? ಟ್ಯಾಂಕರ್ ಅಡ್ಡ ನಿಲ್ಲಿಸೋದಾ? ಯಾರು ಮಾಡಬೇಕು? ಹೆಚ್ಚುಕಡಿಮೆ ಆದ್ರೆ ಹೊಣೆ ಯಾರದ್ದು? ಕಾಗದದ ಮೇಲೆ ಒಬ್ಬರೂ ಬರೆದಿಟ್ಟಿರಲಿಲ್ಲ.

ಅತ್ತ ವಿಮಾನದ ಒಳಗೆ ಅಪಹರಣಕಾರರು ಚಾಕು ಹಿಡಿದು ಪ್ರಯಾಣಿಕರ ಮೇಲೆ ಕೈ ಮಾಡುತ್ತಿದ್ದರು. ಇಂಧನ ಬೇಗ ಕೊಡಿ, ಇಲ್ಲಾಂದ್ರೆ ಒಬ್ಬೊಬ್ಬರನ್ನೇ ಸಾಯಿಸ್ತೀವಿ ಅಂತ. ಕ್ಯಾಪ್ಟನ್ ರೇಡಿಯೊದಲ್ಲಿ ಗೋಗರೆಯುತ್ತಿದ್ದರು. ಕೊನೆಗೆ 7 ಗಂಟೆ 49 ನಿಮಿಷಕ್ಕೆ, ಒಂದು ಹನಿ ಇಂಧನ ತುಂಬಿಸಿಕೊಳ್ಳದೆ ಆ ವಿಮಾನ ಮೇಲೆದ್ದಿತು. ಕಮಾಂಡೊಗಳು ಬರುವ ಹೊತ್ತಿಗೆ ರನ್‌ವೇ ಖಾಲಿ.

48 ನಿಮಿಷ. ಒಂದು ಟಿವಿ ಚರ್ಚೆಯಷ್ಟು ಹೊತ್ತೂ ಅಲ್ಲ. ಆ ಕಾಲದಲ್ಲಿ 'ರಾ' ಮುಖ್ಯಸ್ಥರಾಗಿದ್ದ ಎ.ಎಸ್. ದುಲತ್ ಅವರೇ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡರು, ಅಮೃತಸರದಲ್ಲಿ ಎಡವಿದೆವು ಅಂತ. ಅಲ್ಲಿಂದ ಮುಂದೆ ನಡೆದಿದ್ದೆಲ್ಲಾ ಆ ಎಡವಿಕೆಯ ಮುಂದುವರಿದ ಭಾಗ.

ಲಾಹೋರ್ ಮತ್ತೆ ಬೇಡ ಅಂದಿತು, ನಿಲ್ದಾಣದ ದೀಪ ಆರಿಸಿತು, ಆಮೇಲೆ ಇಳಿಸಿಕೊಂಡು ಇಂಧನ ಕೊಟ್ಟು ಸಾಗಹಾಕಿತು. ಅಲ್ಲಿಂದ ದುಬೈ ಹತ್ತಿರದ ಮಿನ್ಹಾದ್ ವಾಯುನೆಲೆ. ಅಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಜನರನ್ನ ಕೆಳಗಿಳಿಸಿದರು, ಹೆಚ್ಚಿನವರು ಹೆಂಗಸರು, ಮಕ್ಕಳು. ಅವರ ಜೊತೆ ಒಂದು ಹೆಣವನ್ನೂ ಇಳಿಸಿದರು. ರೂಪಿನ್ ಕತ್ಯಾಲ್. ವಯಸ್ಸು 25. ಮದುವೆಯಾಗಿ ತಿಂಗಳೂ ತುಂಬಿರಲಿಲ್ಲ. ಹನಿಮೂನ್ ಮುಗಿಸಿ ವಾಪಸ್ ಬರುತ್ತಿದ್ದ ಹುಡುಗ. ಅವನ ಹೆಂಡತಿ ಅದೇ ವಿಮಾನದಲ್ಲಿ ಇನ್ನೂ ಒತ್ತೆಯಾಳು. ಗಂಡ ಸತ್ತ ಸುದ್ದಿ ಆಕೆಗೆ ತಿಳಿದದ್ದು ಬಿಡುಗಡೆಯಾಗಿ ಮನೆಗೆ ಬಂದ ಮೇಲೆ.

ಡಿಸೆಂಬರ್ 25ರ ಬೆಳಿಗ್ಗೆ ವಿಮಾನ ಕಂದಹಾರ್‌ನಲ್ಲಿ ಇಳಿಯಿತು. ಆಗಿನ ಅಫ್ಘಾನಿಸ್ತಾನ ತಾಲಿಬಾನ್ ಕೈಯಲ್ಲಿತ್ತು. ಅವರ ಸರ್ಕಾರವನ್ನ ಒಪ್ಪಿಕೊಂಡಿದ್ದ ದೇಶಗಳು ಮೂರೇ ಮೂರು: ಪಾಕಿಸ್ತಾನ, ಸೌದಿ ಅರೇಬಿಯಾ, ಯುಎಇ. ನಮಗೆ ಅಲ್ಲಿ ರಾಯಭಾರ ಕಚೇರಿ ಇಲ್ಲ, ಮಾತಾಡೋಕೆ ಪರಿಚಯದವರಿಲ್ಲ. ತಾಲಿಬಾನ್ ವಿಮಾನದ ಸುತ್ತ ಟ್ಯಾಂಕ್ ತಂದು ನಿಲ್ಲಿಸಿತು. ಭಾರತ ಕಮಾಂಡೊ ಕಾರ್ಯಾಚರಣೆ ಮಾಡೋ ಹಾಗಿಲ್ಲ ಅಂದುಬಿಟ್ಟಿತು. ಅಮೃತಸರದಲ್ಲಿ ಅಂಗಳ ನಮ್ಮದಿತ್ತು ಅಂದೆನಲ್ಲ, ಕಂದಹಾರ್‌ನಲ್ಲಿ ಅಂಗಳವೂ ಅವರದ್ದು, ಬಾಗಿಲೂ ಅವರದ್ದು.

ಬೇಡಿಕೆ ಏನು? 36 ಉಗ್ರರ ಬಿಡುಗಡೆ, 20 ಕೋಟಿ ಡಾಲರ್ ಹಣ, ಜೊತೆಗೆ ಸತ್ತು ಮಣ್ಣು ಸೇರಿದ್ದ ಸಜ್ಜಾದ್ ಅಫ್ಘಾನಿ ಅನ್ನುವ ಉಗ್ರನ ಹೆಣ. ವಿವೇಕ್ ಕಾಟ್ಜು, ಅಜಿತ್ ದೋವಲ್, ಸಿ.ಡಿ. ಸಹಾಯ್ ಅವರಿದ್ದ ತಂಡ ಕಂದಹಾರ್‌ಗೆ ಹೋಗಿ ಚೌಕಾಸಿ ನಡೆಸಿತು. 36 ಹೋಗಿ 3ಕ್ಕೆ ಬಂತು. ಹಣ ಇಲ್ಲ, ಹೆಣ ಇಲ್ಲ. ಚೌಕಾಸಿ ಅಂತ ನೋಡಿದ್ರೆ ದೊಡ್ಡ ಕೆಲಸವೇ. ಆದರೆ ಆ ಮೂವರಲ್ಲಿ ಒಬ್ಬ ಮಸೂದ್ ಅಜರ್.

ಈ ಮಸೂದ್ ಅಜರ್‌ನನ್ನ ಬಿಡಿಸಿಕೊಳ್ಳೋಕೆ ನಡೆದ ಮೊದಲ ಪ್ರಯತ್ನ ಇದಲ್ಲ. ಅವನು ಸಿಕ್ಕಿಬಿದ್ದಿದ್ದು 1994ರ ಫೆಬ್ರವರಿಯಲ್ಲಿ, ಕಾಶ್ಮೀರದ ಅನಂತನಾಗ್‌ನಲ್ಲಿ. ಅದೇ ವರ್ಷ ಒಮರ್ ಶೇಖ್ ಅನ್ನುವವನು ದೆಹಲಿಗೆ ಬಂದು ವಿದೇಶಿ ಪ್ರವಾಸಿಗರನ್ನ ಅಪಹರಿಸಿದ. ಪೊಲೀಸರು ಒತ್ತೆಯಾಳುಗಳನ್ನ ಬಿಡಿಸಿದರು, ಒಮರ್ ಜೈಲು ಸೇರಿದ. 1995ರಲ್ಲಿ ಪಹಲ್ಗಾಮ್ ಕಡೆ ಚಾರಣಕ್ಕೆ ಹೋಗಿದ್ದ ಆರು ವಿದೇಶಿಯರನ್ನ ಹೊತ್ತೊಯ್ದರು. ಒಬ್ಬ ತಪ್ಪಿಸಿಕೊಂಡ, ಒಬ್ಬನ ತಲೆ ಕಡಿದರು, ಉಳಿದ ನಾಲ್ವರು ಇವತ್ತಿಗೂ ಸಿಕ್ಕಿಲ್ಲ. ಆಗ ಸರ್ಕಾರ ಉಗ್ರರನ್ನ ಬಿಡಲಿಲ್ಲ. 1999ರ ಜೂನ್‌ನಲ್ಲಿ ಜಮ್ಮುವಿನ ಕೋಟ್ ಭಲ್ವಾಲ್ ಜೈಲಿನಲ್ಲಿ ಸುರಂಗ ತೋಡಿದರು, ಅದೂ ಕೆಟ್ಟಿತು. ಸಜ್ಜಾದ್ ಅಫ್ಘಾನಿ ಸತ್ತದ್ದು ಆ ಗಲಾಟೆಯಲ್ಲೇ. ಆರು ತಿಂಗಳಿಗೆ ವಿಮಾನವನ್ನೇ ಹೈಜಾಕ್ ಮಾಡಿದರು. ಒಬ್ಬ ಮನುಷ್ಯನಿಗಾಗಿ ಐದು ವರ್ಷ ಬಿಡದೆ ಪ್ರಯತ್ನ ಮಾಡಿದ್ದಾರೆ ಅಂದ್ರೆ, ಅವನು ಅವರಿಗೆ ಎಷ್ಟು ಮುಖ್ಯ ಅನ್ನೋದನ್ನ ನಾವು ಅಂದಾಜು ಮಾಡಬೇಕಿತ್ತು.

ಈಗ ದೆಹಲಿಗೆ ಬನ್ನಿ. ಪ್ರಧಾನಿ ವಾಜಪೇಯಿ ಅವರ ಮನೆಯ ಮುಂದೆ ಪ್ರಯಾಣಿಕರ ಸಂಬಂಧಿಕರು. ಅಳು, ಕೂಗು, ಧಿಕ್ಕಾರ. ವಿದೇಶಾಂಗ ಸಚಿವ ಜಸ್ವಂತ್ ಸಿಂಗ್ ಅವರ ಪತ್ರಿಕಾಗೋಷ್ಠಿಗೇ ನುಗ್ಗಿದರು. ಅವರ ಪ್ರಶ್ನೆಗೆ ಉತ್ತರ ಕೊಡೋದೂ ಕಷ್ಟ ಇತ್ತು. 1989ರಲ್ಲಿ ಗೃಹ ಸಚಿವರ ಮಗಳು ರುಬೈಯಾ ಸಯೀದ್ ಅಪಹರಣ ಆದಾಗ ಐವರು ಉಗ್ರರನ್ನ ಬಿಟ್ಟಿರಲ್ಲ, ಮಂತ್ರಿ ಮಗಳಿಗೆ ಒಂದು ನ್ಯಾಯ, ನಮ್ಮ ಮಕ್ಕಳಿಗೆ ಒಂದು ನ್ಯಾಯವಾ ಅಂದರು. ಏನು ಹೇಳ್ತೀರಿ? ಹತ್ತು ವರ್ಷದ ಹಿಂದೆ ಕೊಟ್ಟ ಬೆಲೆ, ಮುಂದಿನ ವ್ಯಾಪಾರಕ್ಕೆ ದರಪಟ್ಟಿ ಆಗಿಬಿಟ್ಟಿತ್ತು.

ಟಿವಿ ಕ್ಯಾಮೆರಾಗಳು ಆ ಅಳುವನ್ನ ದಿನವಿಡೀ ತೋರಿಸಿದವು. ಕನ್ನಡದಲ್ಲಿ ಆಗ 24 ಗಂಟೆಯ ಸುದ್ದಿ ಚಾನೆಲ್ ಇರಲಿಲ್ಲ, ಹಿಂದಿ, ಇಂಗ್ಲಿಷಿನಲ್ಲಿ ಇದ್ದವು. ತೋರಿಸಿದ್ದು ಸುಳ್ಳಲ್ಲ. ಆ ಕಣ್ಣೀರು ನಿಜವಾದದ್ದೇ. ಆದರೆ ಕ್ಯಾಮೆರಾಕ್ಕೆ ಒಂದು ಮಿತಿ ಇದೆ ನೋಡಿ. ಅದು ಎದುರಿಗಿರುವ ಮುಖವನ್ನ ಮಾತ್ರ ತೋರಿಸುತ್ತೆ. ಎರಡು ವರ್ಷದ ನಂತರ, ಇಪ್ಪತ್ತು ವರ್ಷದ ನಂತರ ಅಳಬೇಕಾದ ತಾಯಂದಿರನ್ನ ತೋರಿಸೋ ಕ್ಯಾಮೆರಾ ಯಾರ ಹತ್ತಿರವೂ ಇಲ್ಲ.

ಹಾಗಂತ ಆ ಅಪಾಯ ಯಾರಿಗೂ ಕಂಡಿರಲಿಲ್ಲ ಅಂತಲ್ಲ. ಜಮ್ಮು ಕಾಶ್ಮೀರದ ಮುಖ್ಯಮಂತ್ರಿ ಫಾರೂಕ್ ಅಬ್ದುಲ್ಲಾ ಈ ಬಿಡುಗಡೆಗೆ ಕಡುಕೋಪದಿಂದ ವಿರೋಧ ಮಾಡಿದರು. ಮನವೊಲಿಸೋಕೆ ದುಲತ್ ಅವರೇ ಜಮ್ಮುವಿಗೆ ಹೋಗಬೇಕಾಯ್ತು. 1989ರಲ್ಲೂ ಮುಖ್ಯಮಂತ್ರಿ ಇದೇ ಫಾರೂಕ್, ಆಗಲೂ ಬೇಡ ಅಂದಿದ್ದರು. ಎರಡು ಸಲವೂ ಅವರ ಮಾತು ನಡೆಯಲಿಲ್ಲ.

ಡಿಸೆಂಬರ್ 31. ಮಸೂದ್ ಅಜರ್, ಒಮರ್ ಶೇಖ್, ಮುಷ್ತಾಕ್ ಅಹ್ಮದ್ ಜರ್ಗರ್. ಈ ಮೂವರು ಹೋದ ವಿಮಾನದಲ್ಲೇ ಜಸ್ವಂತ್ ಸಿಂಗ್ ಕಂದಹಾರ್‌ಗೆ ಹೋದರು. ಒತ್ತೆಯಾಳುಗಳು ಬಿಡುಗಡೆಯಾದರು. ಒಂದೂವರೆ ನೂರಕ್ಕೂ ಹೆಚ್ಚು ಜೀವ ಮನೆ ಸೇರಿತು. ಏಳು ದಿನ ಗಬ್ಬು ನಾರುವ ವಿಮಾನದಲ್ಲಿ ಸಾವಿನ ಮುಂದೆ ಕೂತಿದ್ದವರು ಅವರು. ಅವರು ಬದುಕಿ ಬಂದದ್ದನ್ನ ಯಾರೂ ತಪ್ಪು ಅನ್ನಬಾರದು. ಅತ್ತ ಅಪಹರಣಕಾರರು ಮತ್ತು ಬಿಡುಗಡೆಯಾದ ಮೂವರನ್ನ ತಾಲಿಬಾನ್ ಬಂಧಿಸಲಿಲ್ಲ. ಹತ್ತು ಗಂಟೆಯೊಳಗೆ ದೇಶ ಬಿಡಿ ಅಂತ ಕಳಿಸಿಕೊಟ್ಟಿತು.

ಜನ ಟಿವಿ ಆಫ್ ಮಾಡಿ ಹೊಸ ವರ್ಷ ಆಚರಿಸಿದರು. ಬಿಲ್ ಬರೋಕೆ ಶುರುವಾದದ್ದು ಆಮೇಲೆ.

2000ದ ಆರಂಭದಲ್ಲೇ ಮಸೂದ್ ಅಜರ್ ಜೈಷ್-ಎ-ಮೊಹಮ್ಮದ್ ಸಂಘಟನೆ ಕಟ್ಟಿದ. 2001ರ ಅಕ್ಟೋಬರ್ 1, ಶ್ರೀನಗರದ ವಿಧಾನಸಭೆ ಮೇಲೆ ದಾಳಿ, 38 ಸಾವು. ಅದೇ ವರ್ಷ ಡಿಸೆಂಬರ್ 13, ಸಂಸತ್ ಭವನದ ಮೇಲೆ ದಾಳಿ, ಭದ್ರತಾ ಸಿಬ್ಬಂದಿ ಸೇರಿ 9 ಜನರ ಸಾವು. ಎರಡು ದೇಶಗಳ ಸೈನ್ಯ ತಿಂಗಳುಗಟ್ಟಲೆ ಗಡಿಯಲ್ಲಿ ಎದುರುಬದುರು ನಿಂತವು. 2002ರಲ್ಲಿ ಕರಾಚಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಕರ್ತ ಡೇನಿಯಲ್ ಪರ್ಲ್ ಅಪಹರಣ, ಕೊಲೆ. ಆ ಪ್ರಕರಣದಲ್ಲಿ ಶಿಕ್ಷೆಯಾದವನು ಒಮರ್ ಶೇಖ್. 2021ರಲ್ಲಿ ಪಾಕಿಸ್ತಾನದ ಸುಪ್ರೀಂ ಕೋರ್ಟ್ ಅವನನ್ನ ಬಿಡಿ ಅಂತ ಆದೇಶ ಕೊಟ್ಟಿತು.

2016ರ ಜನವರಿ, ಪಠಾಣ್‌ಕೋಟ್ ವಾಯುನೆಲೆ. ಏಳು ಯೋಧರು ಹುತಾತ್ಮರಾದರು. ಅವರಲ್ಲಿ ಎನ್‌ಎಸ್‌ಜಿಯ ಲೆಫ್ಟಿನೆಂಟ್ ಕರ್ನಲ್ ಇ.ಕೆ. ನಿರಂಜನ್ ಒಬ್ಬರು. ಬೆಂಗಳೂರಿನಲ್ಲಿ ಬೆಳೆದವರು. ಸತ್ತ ಉಗ್ರನ ಮೈಮೇಲಿದ್ದ ಗ್ರೆನೇಡ್ ಸಿಡಿದು ಪ್ರಾಣ ಬಿಟ್ಟರು. 2019ರ ಫೆಬ್ರವರಿ 14, ಪುಲ್ವಾಮಾ. ಸಿಆರ್‌ಪಿಎಫ್‌ನ 40 ಯೋಧರು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಗುಡಿಗೆರೆಗೂ ಒಂದು ಶವಪೆಟ್ಟಿಗೆ ಬಂತು. ಯೋಧ ಗುರು ಅವರದ್ದು. ಸ್ವಲ್ಪ ಲೆಕ್ಕ ಹಾಕಿ. 1999ರಲ್ಲಿ ಗುರು ಇನ್ನೂ ಶಾಲೆಗೆ ಹೋಗುವ ಹುಡುಗ. ಕಂದಹಾರ್‌ಗೂ ಆ ಹುಡುಗನಿಗೂ ಏನು ಸಂಬಂಧ? ಏನೂ ಇಲ್ಲ. ಆದರೂ ಸಾಲ ತೀರಿಸಿದವರಲ್ಲಿ ಅವರೂ ಒಬ್ಬರು.

ಈ ನಾಲ್ಕು ದಾಳಿಗಳಲ್ಲೇ ಸತ್ತವರು ತೊಂಬತ್ತಕ್ಕೂ ಹೆಚ್ಚು ಜನ. ಮಸೂದ್ ಅಜರ್ ಜಾಗತಿಕ ಉಗ್ರ ಅಂತ ವಿಶ್ವಸಂಸ್ಥೆ ಪಟ್ಟಿಗೆ ಸೇರಿದ್ದು 2019ರ ಮೇ 1ಕ್ಕೆ. ಚೀನಾ ಅಷ್ಟು ವರ್ಷ ಅಡ್ಡ ಬಂದಿತ್ತು. 2025ರ ಮೇ 7ರಂದು ಆಪರೇಷನ್ ಸಿಂದೂರ್‌ನಲ್ಲಿ ಬಹಾವಲ್ಪುರದ ಜೈಷ್ ನೆಲೆಗೆ ನಮ್ಮ ಸೇನೆ ಹೊಡೀತು. ತನ್ನ ಕುಟುಂಬದ ಹತ್ತು ಜನ ಸತ್ತರು ಅನ್ನುವ ಹೇಳಿಕೆ ಅವನ ಹೆಸರಿನಲ್ಲಿ ಬಂತು. ಅವನು ಮಾತ್ರ ಬದುಕಿದ್ದ. ಇನ್ನು, ಕಂದಹಾರ್‌ನಲ್ಲಿ ಟ್ಯಾಂಕ್ ನಿಲ್ಲಿಸಿದ ಅದೇ ತಾಲಿಬಾನ್‌ನ ವಿದೇಶಾಂಗ ಸಚಿವರು 2025ರ ಅಕ್ಟೋಬರ್‌ನಲ್ಲಿ ದೆಹಲಿಗೆ ಅತಿಥಿಯಾಗಿ ಬಂದು ಹೋದರು. ರಾಜತಾಂತ್ರಿಕತೆ ಅಂದ್ರೆ ಹಾಗೇ.

ಕೋರ್ಟ್ ಕಥೆ ಏನಾಯ್ತು? ವಿಮಾನ ಹೈಜಾಕ್ ಮಾಡಿದ ಐವರಲ್ಲಿ ಒಬ್ಬನೂ ಭಾರತದ ಕಟಕಟೆಯಲ್ಲಿ ನಿಲ್ಲಲಿಲ್ಲ. ಸಂಚಿಗೆ ಸಹಾಯ ಮಾಡಿದರು ಅಂತ ಮೂವರಿಗೆ 2008ರಲ್ಲಿ ಪಟಿಯಾಲಾದ ವಿಶೇಷ ನ್ಯಾಯಾಲಯ ಜೀವಾವಧಿ ಕೊಟ್ಟಿತು. 2014ರಲ್ಲಿ ಹೈಕೋರ್ಟ್ ಅವರಲ್ಲಿ ಇಬ್ಬರನ್ನ ಖುಲಾಸೆ ಮಾಡಿತು. 2024ರಲ್ಲಿ ಈ ಹೈಜಾಕ್ ಮೇಲೆ ಒಂದು ವೆಬ್ ಸರಣಿ ಬಂತಲ್ಲ, ಆಗ ಇಡೀ ದೇಶ ಭೋಲಾ, ಶಂಕರ್ ಅನ್ನೋ ಹೆಸರಿನ ಮೇಲೆ ವಾರಗಟ್ಟಲೆ ಕಿತ್ತಾಡಿತು. ಆ ಹೆಸರಿನವರು ಕಟಕಟೆಗೆ ಯಾಕೆ ಬರಲಿಲ್ಲ ಅಂತ ಕೇಳಿದವರು ಎಷ್ಟು ಜನ?

ಈಗ ನನ್ನ ವೀಕ್ಷಕರಲ್ಲಿ ಬಹಳ ಜನ ಹೇಳ್ತೀರಿ, 'ಏನೇ ಆಗಲಿ ಸರ್, ಬಿಡಬಾರದಿತ್ತು' ಅಂತ. ಸರಿ. ಹಾಗಾದ್ರೆ ಕಂದಹಾರ್ ಆದ ಏಳು ತಿಂಗಳಿಗೆ ನಮ್ಮ ಮನೆಯಲ್ಲೇ ನಡೆದದ್ದನ್ನ ನೆನಪು ಮಾಡಿಕೊಳ್ಳಿ.

2000ದ ಜುಲೈ 30. ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನ ಅಪಹರಿಸಿದ. 108 ದಿನ. ಅವನ ಬೇಡಿಕೆಗಳಲ್ಲಿ ಒಂದು, ಟಾಡಾ ಕೈದಿಗಳನ್ನ ಬಿಡಿ ಅನ್ನೋದು. ಆಗ ನಾವು ಕನ್ನಡಿಗರು ಏನಂದ್ವಿ? 'ಏನಾದ್ರೂ ಮಾಡಿ, ಅಣ್ಣಾವ್ರು ಕ್ಷೇಮವಾಗಿ ಬರಲಿ' ಅಂದ್ವಿ. ಬಿಡಬೇಡಿ ಅಂತ ಬೀದಿಗೆ ಬಂದವರನ್ನ ನಾನಂತೂ ನೋಡಲಿಲ್ಲ. ಸರ್ಕಾರ ಟಾಡಾ ಮೊಕದ್ದಮೆಗಳನ್ನ ಹಿಂದಕ್ಕೆ ತಗೊಳ್ಳೋಕೆ ಹೊರಟಿತು. ತಡೆದದ್ದು ಒಬ್ಬ ತಂದೆ. ವೀರಪ್ಪನ್ ಗ್ಯಾಂಗಿನ ಕೈಯಲ್ಲಿ ಸತ್ತ ಸಬ್ ಇನ್ಸ್‌ಪೆಕ್ಟರ್ ಒಬ್ಬರ ತಂದೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ನವೆಂಬರ್‌ನಲ್ಲಿ ಕೋರ್ಟ್ ಆ ಬಿಡುಗಡೆಯ ಪ್ರಯತ್ನವನ್ನ ತಳ್ಳಿಹಾಕಿತು. ನವೆಂಬರ್ 15ಕ್ಕೆ ಅಣ್ಣಾವ್ರು ಬಂದರು, ನಾಡು ಹಬ್ಬ ಮಾಡಿತು. ಎರಡು ವರ್ಷದ ನಂತರ ಅದೇ ವೀರಪ್ಪನ್ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನ ಹೊತ್ತೊಯ್ದ. ಅವರು ಹೆಣವಾಗಿ ಸಿಕ್ಕರು.

ಈ ಕಥೆ ಯಾಕೆ ಹೇಳಿದೆ ಅಂದ್ರೆ, ಮನೆಯ ಮನುಷ್ಯ ಒತ್ತೆಯಾಳಾಗಿರುವಾಗ 'ಬಿಡಬೇಡಿ' ಅನ್ನೋ ಗಟ್ಟಿತನ ಯಾರಿಗೂ ಇರಲ್ಲ. ದೆಹಲಿಯಲ್ಲಿ ಅತ್ತ ಆ ತಾಯಂದಿರಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಇರಬೇಕು ಅಂತ ಕೇಳೋದೂ ಕ್ರೌರ್ಯ. ಅದಕ್ಕೇ ಇಂಥ ತೀರ್ಮಾನವನ್ನ ಆ ಹೊತ್ತಿಗೆ ಬಿಡಬಾರದು. ಯಾರ ಮಗ, ಯಾರ ಮಗಳು, ಯಾರ ಅಣ್ಣ ಅಂತ ಮುಖ ಗೊತ್ತಾಗುವ ಮೊದಲೇ, ತಲೆ ತಣ್ಣಗಿರುವಾಗಲೇ ಬರೆದಿಟ್ಟಿರಬೇಕು.

ನಮ್ಮ ದೇಶ ಈ ಪಾಠ ಕಲಿಯಿತಾ? ಸ್ವಲ್ಪ ಕಲಿಯಿತು. 2000ದಿಂದ ವಿಮಾನ ನಿಲ್ದಾಣಗಳ ಕಾವಲು ಒಂದೊಂದಾಗಿ ಸಿಐಎಸ್‌ಎಫ್ ಕೈಗೆ ಬಂತು, ಮೊದಲು ಜೈಪುರ. 2005ರಲ್ಲಿ ಅಪಹರಣ ವಿರೋಧಿ ನೀತಿ ಬಂತು. ಬೇಡಿಕೆಗೆ ಬಗ್ಗೋದಿಲ್ಲ, ಅಪಹೃತ ವಿಮಾನ ನಮ್ಮ ನೆಲಕ್ಕೆ ಇಳಿದರೆ ಮತ್ತೆ ಏಳೋಕೆ ಬಿಡೋದಿಲ್ಲ, ಅದನ್ನೇ ಕ್ಷಿಪಣಿಯಂತೆ ಬಳಸೋಕೆ ಬಂದರೆ ಹೊಡೆದುರುಳಿಸಲೂಬಹುದು ಅಂತ. 2016ರ ಕಾಯ್ದೆಯಲ್ಲಿ, ಅಪಹರಣದಲ್ಲಿ ಜೀವ ಹೋದರೆ ಗಲ್ಲು ಶಿಕ್ಷೆಗೂ ಅವಕಾಶ ಬಂತು. 'ಏಳೋಕೆ ಬಿಡೋದಿಲ್ಲ' ಅನ್ನುವ ಆ ಒಂದು ಸಾಲು ಇದೆಯಲ್ಲ, ಅದು ಅಮೃತಸರದ 48 ನಿಮಿಷದ ಬೆಲೆ.

ಆದರೆ ಕಾಗದ ಬರೆದ ಮಾತ್ರಕ್ಕೆ ಮುಗಿಯಲ್ಲ. ಅವತ್ತಿನ ಅಮೃತಸರದಲ್ಲಿ ಧೈರ್ಯವಂತರು ಇರಲಿಲ್ಲ ಅಂತಲ್ಲ. 'ನೀನೇ ನಿರ್ಧಾರ ಮಾಡು, ತಪ್ಪಾದರೆ ನಾನಿದ್ದೀನಿ' ಅಂತ ಕೆಳಗಿನ ಅಧಿಕಾರಿಗೆ ಹೇಳುವವರು ಮೇಲೆ ಇರಲಿಲ್ಲ. ಇವತ್ತು ನಮ್ಮ ಯಾವ ಇಲಾಖೆಯಲ್ಲಿ ಆ ಮಾತು ಹೇಳುವವರಿದ್ದಾರೆ? ಪ್ರವಾಹ ಬಂದಾಗ, ಕಾಲ್ತುಳಿತ ಆದಾಗ, ಬೆಂಕಿ ಬಿದ್ದಾಗ ಫೋನ್ ಮೇಲಿಂದ ಮೇಲಕ್ಕೇ ಹೋಗ್ತಾ ಇರುತ್ತೆ. ಆದೇಶ ಕೆಳಗೆ ಬರುವ ಹೊತ್ತಿಗೆ ರನ್‌ವೇ ಖಾಲಿ ಆಗಿರುತ್ತೆ.

ಬಿಡುಗಡೆಯಾದ ಮೂವರ ಹೆಸರು ದೇಶಕ್ಕೆಲ್ಲ ಬಾಯಿಪಾಠ. ಈ ರಾತ್ರಿ ಒಂದು ಹೆಸರು ಬೇರೆ ನೆನಪಿಟ್ಟುಕೊಳ್ಳಿ. ರೂಪಿನ್ ಕತ್ಯಾಲ್. ಬದುಕಿದ್ದಿದ್ದರೆ ಇವತ್ತು ಐವತ್ತು ದಾಟಿರುತ್ತಿತ್ತು. ಗುಡಿಗೆರೆಯ ಗುರು ಅವರ ಹೆಸರನ್ನೂ ಅದರ ಪಕ್ಕದಲ್ಲೇ ಇಡಿ. ಒಬ್ಬರು ಆ ವಿಮಾನದ ಒಳಗಿದ್ದವರು, ಇನ್ನೊಬ್ಬರು ಅದನ್ನ ನೋಡಿಯೂ ಇರದವರು. ಆ ಸಂಜೆ ದೆಹಲಿಯ ಕೋಣೆಯೊಂದರಲ್ಲಿ ಆಗದೇ ಹೋದ ತೀರ್ಮಾನ ಇಬ್ಬರ ಮನೆಗೂ ಹೋಗಿ ಬಾಗಿಲು ತಟ್ಟಿತು.